ಕಡತದ ಮೇಜಿನಿಂದ ಕಾದಂಬರಿಗೆ

ಕಾದಂಬರಿಕಾರ ನಾ. ಡಿಸೋಜರು 2025ರ ಜನವರಿ 5ರಂದು ನಮ್ಮನ್ನಗಲಿದರು. ಅವರನ್ನು ನೆನೆಯುವಾಗಲೆಲ್ಲ 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ಮಕ್ಕಳ ಸಾಹಿತ್ಯಕ್ಕೆ ಸಂದ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ, ಗಿರೀಶ್ ಕಾಸರವಳ್ಳಿಯವರು ಚಿತ್ರವಾಗಿಸಿದ 'ದ್ವೀಪ', ಇವುಗಳ ಮಾತೇ ಮೊದಲು ಬರುತ್ತದೆ. ಬರುವುದು ಸಹಜವೇ. ಆದರೆ ಅವರ ಬಾಳಿನ ಇನ್ನೊಂದು ಸಂಗತಿ ನಮಗೆ ಇವೆಲ್ಲಕ್ಕಿಂತ ಹೆಚ್ಚು ಚಿಂತನೆಗೆ ಹಚ್ಚಿದೆ. ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದರು. ಶರಾವತಿ ಯೋಜನೆಯ ಕಚೇರಿಯಲ್ಲಿ ಬೆರಳಚ್ಚು ಯಂತ್ರದ ಮುಂದೆ ಕುಳಿತು ದುಡಿದವರು.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ನಾಡಿಗೆ ಬೆಳಕು ಬಂದಿತು. ಆ ಬೆಳಕಿಗಾಗಿ ಸಾಗರ ಸೀಮೆಯ ಹಳ್ಳಿಗಳು, ಗದ್ದೆ ತೋಟಗಳು ನೀರಿನಡಿ ಸೇರಿದವು. ಆ ಯೋಜನೆಯ ಕಾಗದಪತ್ರಗಳನ್ನು ಬೆರಳಚ್ಚು ಮಾಡಿದ ಕೈಯೇ 'ಮುಳುಗಡೆ'ಯನ್ನೂ 'ದ್ವೀಪ'ವನ್ನೂ ಬರೆಯಿತು. ಯೋಜನೆಯ ಸಂಬಳ ಪಡೆದವರಿಗೆ ಮುಳುಗಿದವರ ದುಃಖವನ್ನು ಬರೆಯುವ ಅಧಿಕಾರವೆಲ್ಲಿಯದು ಎಂದು ಕೇಳುವವರಿದ್ದಾರು. ನಾವು ಹಾಗೆ ಎಣಿಸುವುದಿಲ್ಲ. ಕಡತವೂ ಸುಳ್ಳನ್ನೇನೂ ಹೇಳುವುದಿಲ್ಲ. ಸರ್ವೆ ನಂಬರು, ಎಕರೆ ಗುಂಟೆ, ಮನೆಯ ಬೆಲೆ, ಪರಿಹಾರದ ಮೊತ್ತ, ಎಲ್ಲವೂ ಅದರಲ್ಲಿ ಇರುತ್ತದೆ. ಇಲ್ಲದಿರುವುದು ನೀರು ಅಂಗಳಕ್ಕೆ ಬರುವ ಹಿಂದಿನ ರಾತ್ರಿ ಮನೆಯ ಹೆಂಗಸು ನಿದ್ದೆ ಮಾಡಿದಳೋ ಇಲ್ಲವೋ ಎಂಬ ಮಾತು. ಕಡತಕ್ಕೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಕಡತವನ್ನು ದಿನವೂ ಮುಟ್ಟುವವನಿಗೆ ಹುಟ್ಟಬಹುದು, ಅವನು ಕಣ್ಣು ತೆರೆದಿದ್ದರೆ.

ಇತಿಹಾಸ ನಡೆದುದನ್ನು ಹೇಳುತ್ತದೆ, ಕಾವ್ಯ ನಡೆಯಬಹುದಾದುದನ್ನು ಹೇಳುತ್ತದೆ. ಆದುದರಿಂದ ಕಾವ್ಯವೇ ತತ್ತ್ವಕ್ಕೆ ಹೆಚ್ಚು ಸಮೀಪ ಎಂದು ಅರಿಸ್ಟಾಟಲ್ ವಾದಿಸಿದ್ದನ್ನು ಗುರುಮಠದ ತರಗತಿಯಲ್ಲಿ ನಾವು ಓದಿದ್ದೆವು. (ಪರೀಕ್ಷೆಗೆ ಓದಿದ್ದು ಅರ್ಥವಾಗುವುದು ತಲೆ ನರೆತ ಮೇಲೆ!) ಆದರೆ ಕಾದಂಬರಿ ಆ ಸಾರ್ವತ್ರಿಕ ಸತ್ಯಕ್ಕೆ ನೇರವಾಗಿ ಹಾರುವುದಿಲ್ಲ. ಇಂದ್ರಿಯಗಳಿಗೆ ಮೊದಲು ನಿಲುಕದ ಯಾವುದೂ ಬುದ್ಧಿಗೆ ನಿಲುಕದೆಂಬುದು ಸಂತ ತೋಮಸ್ ಅಕ್ವಿನಾಸರ ಪರಂಪರೆಯ ಮಾತು. ಕಾದಂಬರಿಕಾರನೂ ಅಂತೆಯೇ ಒಂದು ಗುಡ್ಡ, ಒಂದು ಮನೆ, ಒಂದು ಮಳೆಗಾಲದ ಮೂಲಕ ಹೋಗಬೇಕು. ಪ್ರಭು ಯೇಸುವಿನ ಸಾಮತಿಗಳಲ್ಲಿ ಇರುವುದಾದರೂ ಏನು? ಹುಳಿಹಿಟ್ಟು, ಕಳೆದುಹೋದ ನಾಣ್ಯ, ಬಿತ್ತುವ ರೈತ, ಕೂಲಿಗಾಗಿ ಸಂತೆಬೀದಿಯಲ್ಲಿ ನಿಂತ ಆಳುಗಳು.

ಡಿಸೋಜರ ಮನೆಮಾತು ಕೊಂಕಣಿ, ಧರ್ಮ ಕಥೋಲಿಕ. ಹಾಗಿದ್ದೂ ನೀರು ಸುತ್ತುವರಿದ ಗುಡ್ಡದಲ್ಲಿ ಸಿಕ್ಕಿಕೊಂಡ ಹಿಂದೂ ರೈತ ಕುಟುಂಬವೊಂದರ ಒಳಮನೆಯನ್ನು 'ದ್ವೀಪ'ದಲ್ಲಿ ಬರೆದರು. ಇಗರ್ಜಿಯ ಸುತ್ತ ನೆಲೆಸಿದ ಕ್ರೈಸ್ತರ ಮನೆಗಳನ್ನೂ ಕಾದಂಬರಿಗೆ ತಂದರು. ಕ್ರೈಸ್ತ ಲೇಖಕನೆಂದರೆ ಭಕ್ತಿಗೀತೆಯನ್ನೋ ಸಂತರ ಚರಿತ್ರೆಯನ್ನೋ ಬರೆಯತಕ್ಕವನು ಎಂಬ ಕಲ್ಪನೆ ನಮ್ಮವರಲ್ಲಿ ಇನ್ನೂ ಉಳಿದಿದೆ. ಅವೂ ಬೇಕು; ಅಷ್ಟೇ ಸಾಕೆಂದರೆ ಒಪ್ಪಲಾಗದು. ನೆರೆಮನೆಯವನ ನೋವನ್ನು ಅವನ ಮಾತಿನಲ್ಲೇ ಅರಿಯುವುದು ನೆರೆಯವನನ್ನು ಪ್ರೀತಿಸುವ ಬಗೆಗಳಲ್ಲಿ ಒಂದೆಂದು ನಾವು ತಿಳಿದಿದ್ದೇವೆ. ಮುಪ್ಪಿನಲ್ಲಿಯೂ ಡಿಸೋಜರು ಸುಮ್ಮನೆ ಕೂರಲಿಲ್ಲ. 2019ರಲ್ಲಿ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ, ಎಂಬತ್ತು ದಾಟಿದ ಅವರು ಅದನ್ನು ವಿರೋಧಿಸುವ ಹೋರಾಟದ ಮುಂದಾಳಾದರು.

ಮಲೆನಾಡಿನ ಈ ಕಥೆ ಬೇಮಳಖೇಡದಂಥ ಊರಿನವರಿಗೆ ಏಕೆ ಎನ್ನಬಹುದು. ನಮ್ಮ ಬೀದರ ಜಿಲ್ಲೆಯಲ್ಲಿಯೇ ಕಾರಂಜಾ ಜಲಾಶಯವಿದೆ. ಅದರಲ್ಲಿ ಭೂಮಿ ಕಳೆದುಕೊಂಡವರು ನ್ಯಾಯವಾದ ಪರಿಹಾರಕ್ಕಾಗಿ ದಶಕಗಳ ಕಾಲ ಹೋರಾಡಿದ್ದಾರೆ. ಅವರ ಅರ್ಜಿಗಳನ್ನು ಬರೆದವರು, ಸ್ವೀಕರಿಸಿದವರು, ಕಡತಕ್ಕೆ ಸೇರಿಸಿದವರು ನಮ್ಮ ನಡುವಿನ ಗುಮಾಸ್ತರೇ, ಗ್ರಾಮ ಲೆಕ್ಕಿಗರೇ. ಅವರಲ್ಲಿ ಒಬ್ಬರಾದರೂ ರಾತ್ರಿ ಮನೆಗೆ ಬಂದು, ಹಗಲು ಕಂಡ ಒಂದು ಮುಖವನ್ನು ಕುರಿತು ನಾಲ್ಕು ಪುಟ ಬರೆದಿಟ್ಟಿದ್ದರೆ ಅದರ ಬೆಲೆ ಎಷ್ಟಾಗುತ್ತಿತ್ತು!

ದುಡಿಮೆಯವರಿಗೆ ಬರಹ ಎಲ್ಲಿ ಸಾಧ್ಯ ಎಂಬ ಮಾತನ್ನು ಬೇರೆಲ್ಲಿಯೋ ಆಡಬಹುದು, ಕಲ್ಯಾಣದ ನೆರೆಯಲ್ಲಿ ನಿಂತು ಆಡಲಾಗದು. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಿದಿರು ಹೆಣೆಯುವ ಮೇದಾರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ, ಇವರೆಲ್ಲ ವಚನಕಾರರು. ಕಾಯಕ ಮುಗಿಸಿ ಬಿಡುವಾದ ಮೇಲೆ ಬರೆದೇವೆಂದು ಅವರು ಕಾದು ಕುಳಿತಿರಲಿಲ್ಲ.

ಇನ್ನೊಂದು ಅಳುಕು ಭಾಷೆಯದು. ನಮ್ಮ ಮಾತಿನಲ್ಲಿ ಉರ್ದು, ಮರಾಠಿ, ತೆಲುಗು ಎಲ್ಲ ಬೆರೆತಿದೆ, ಇದು ಪುಸ್ತಕದ ಕನ್ನಡವಲ್ಲ ಎಂದು ಓದಿದ ಹುಡುಗರೂ ನಾಚುತ್ತಾರೆ. ಕಲಬುರಗಿಯ ಗೀತಾ ನಾಗಭೂಷಣ ಅವರು ಮಿಲ್ ಕಾರ್ಮಿಕರ ಮಗಳು. ಆ ಸೀಮೆಯ ಬಡವರ ಮಾತನ್ನೇ ಕಾದಂಬರಿಯ ಭಾಷೆಯಾಗಿಸಿದರು. 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಕನ್ನಡದ ಲೇಖಕಿಗೆ ಅದು ಸಂದುದು ಅದೇ ಮೊದಲು. 2020ರಲ್ಲಿ ಅವರೂ ತೀರಿಕೊಂಡರು. ನಾಚಿಕೆಗೆ ಕಾರಣವಿಲ್ಲವೆಂದು ತೋರಿಸಿಯೇ ಹೋದರು.

ಬರೆಯುವ ಕೆಲಸ ನಮ್ಮಂಥ ಗುರುಗಳಿಗೂ ಇದೆ. ಜ್ಞಾನಸ್ನಾನ, ವಿವಾಹ, ಮರಣ, ಮೂರು ದಾಖಲೆ ಪುಸ್ತಕಗಳಲ್ಲಿ ಒಬ್ಬ ಮನುಷ್ಯನ ಬಾಳೆಲ್ಲ ಮೂರು ಸಾಲುಗಳಲ್ಲಿ ಮುಗಿಯುತ್ತದೆ. ಆ ಸಾಲುಗಳ ನಡುವಿನದನ್ನು ಮನೆಯವರೇ ಬರೆಯಬೇಕು. 1956ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಂದು ಉರ್ದು ಶಾಲೆಯಲ್ಲಿ ಅಕ್ಷರ ಕಲಿತು, ಕನ್ನಡದಲ್ಲಿ ಪ್ರಾರ್ಥಿಸಿ, ಮರಾಠಿಯಲ್ಲಿ ವ್ಯಾಪಾರ ಮಾಡಿದ ಹಿರಿಯರು ಈಗ ಬೆರಳೆಣಿಕೆಯಷ್ಟು. ಪ್ರತಿ ವರ್ಷ ಒಬ್ಬಿಬ್ಬರ ಹೆಸರು ಮೂರನೆಯ ಪುಸ್ತಕಕ್ಕೆ ಸೇರುತ್ತಿದೆ. ಶಾಲೆಗೆ ಹೋಗುವ ಮೊಮ್ಮಗಳೊಬ್ಬಳು ಮನೆಯಲ್ಲಿದ್ದರೆ, ಎರಡು ನೂರು ಪುಟದ ಒಂದು ನೋಟುಪುಸ್ತಕ ತಂದುಕೊಡಿ. ಅಜ್ಜ ಹೇಳಲಿ, ಅವಳು ಬರೆದುಕೊಳ್ಳಲಿ, ಅವನು ಆಡಿದ ಮಾತಿನಲ್ಲೇ.