ಅಗ್ಗದ ಉಳಿ, ದುಬಾರಿ ದುಡಿಮೆ

ಹೊಟೇಲಿನ ಕೆಲಸ ಬಿಟ್ಟು ಬಡಗಿ ಕಸುಬಿಗೆ ಕೈಹಾಕುವ ನಮ್ಮ ತರುಣರು ಉಪಕರಣಗಳಿಗಾಗಿ ಮಸೀದಿ ಬಂದರದ ನಾಗದೇವಿ ಬೀದಿಗೆ ಹೋಗುವುದುಂಟು. ಉಳಿ, ಗರಗಸ, ಕೀಸುಳಿಗಳು ಅಲ್ಲಿ ಹಲವು ಬೆಲೆಗೆ ದೊರೆಯುತ್ತವೆ. ಕಿಸೆ ಬರಿದಾದವನು ಅಗ್ಗದ ಕಡೆಗೆ ವಾಲುವುದು ಸಹಜ. ಅದನ್ನು ತಪ್ಪೆಂದು ನಾವು ಹೇಳಲಾರೆವು. ಆದರೆ ಆ ಅಗ್ಗದ ಬೆಲೆಯನ್ನು ಕೊನೆಗೆ ತೆರುವವರು ಯಾರೆಂದು ವಿಚಾರಿಸಲೇಬೇಕು.

ಉಳಿಯ ಗುಣವಿರುವುದು ಹಿಡಿಯ ಬಣ್ಣದಲ್ಲಲ್ಲ, ಉಕ್ಕಿನ ಹದದಲ್ಲಿ. ಹದವಿಲ್ಲದ ಉಳಿಯ ಬಾಯಿ ಗಟ್ಟಿಮರಕ್ಕೆ ತಾಗಿದೊಡನೆ ಮಡಚುತ್ತದೆ. ಗಳಿಗೆಗೊಮ್ಮೆ ಸಾಣೆ ಹಿಡಿಯುತ್ತ ಕುಳಿತರೆ ಗುತ್ತಿಗೆ ಕೆಲಸಗಾರನ ಹೊತ್ತು ಹೋಗುತ್ತದೆ. ಬಲ ಹಾಕಿದರೆ ಜಾರಿ ಕೈಗೆ ಗಾಯವಾಗುತ್ತದೆ. ಕೆಲಸ ಕೊಟ್ಟವನಿಗೆ ಇದರಲ್ಲಿ ನಷ್ಟವಿಲ್ಲ. ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇದು ಹೊಸತಲ್ಲ: ಒರಟು ಲಾಳಿ ನೂಲು ಕಡಿದಾಗ ತಗ್ಗುತ್ತಿದ್ದುದು ನೇಯ್ದಷ್ಟಕ್ಕೇ ಸಂಬಳ ಪಡೆಯುವ ನೇಕಾರನ ಗಳಿಕೆಯೇ. ತೆಳ್ಳನೆಯ ಕಾವಲಿಯಲ್ಲಿ ದೋಸೆ ಎಬ್ಬಿಸಲು ಹೆಣಗಿದವರಿಗೂ ಈ ಮಾತು ತಿಳಿದೀತು.

ಹಾಗೆಂದು ಎಲ್ಲವೂ ದುಬಾರಿಯದೇ ಆಗಬೇಕೆಂದಿಲ್ಲ. ಕೊಡತಿಯನ್ನು ಮರದ ತುಂಡಿನಿಂದ ತಾನೇ ಮಾಡಿಕೊಳ್ಳಬಹುದು. ಸುತ್ತಿಗೆ ಸಾಧಾರಣದ್ದಾದರೂ ಸಾಗುತ್ತದೆ. ಕಡಿಯುವ ಬಾಯಿರುವ ಉಪಕರಣದಲ್ಲಿ ಮಾತ್ರ ಜಿಪುಣತನ ಸಲ್ಲದು. ಹತ್ತು ಮೆದು ಉಳಿಗಳ ಪೆಟ್ಟಿಗೆಗಿಂತ ಅರ್ಧ ಇಂಚಿನದೊಂದು, ಒಂದು ಇಂಚಿನದೊಂದು ಒಳ್ಳೆಯ ಉಳಿ ಲೇಸು. ಚೋರ್ ಬಜಾರಿನ ಹಳೆಯ ಉಳಿಯನ್ನೂ ಹೀನಾಯವಾಗಿ ಕಾಣಬೇಡಿ. ಅಂಚಿಗೆ ಅರ ತಾಗಿಸಿ ನೋಡಿ: ಅರ ಜಾರಿದರೆ ಹದವಿದೆ, ಸಲೀಸಾಗಿ ಕಚ್ಚಿದರೆ ಉಕ್ಕು ಮೆದು. ಎಷ್ಟು ದುಬಾರಿ ಉಳಿಯಾದರೂ ಯಂತ್ರದ ಸಾಣೆಗೆ ನೀಲಿಗಟ್ಟುವಂತೆ ಒತ್ತಿದರೆ ಹದ ಹೋಯಿತು. ಆದುದರಿಂದ ಉಳಿಯ ಜೊತೆಗೇ ಒಳ್ಳೆಯ ಸಾಣೆಕಲ್ಲನ್ನೂ ಕೊಳ್ಳಬೇಕು. ಅದನ್ನು ಬಳಸಲು ಕಲಿಯಬೇಕು.

ಕೇಂದ್ರ ಸರಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳೂ ಸೇರಿ 18 ಕಸುಬಿನವರಿಗೆ ಉಪಕರಣಗಳಿಗಾಗಿ 15,000 ರೂಪಾಯಿಯವರೆಗೆ ನೆರವಿದೆ. ಸ್ವಂತವಾಗಿ ಕಸುಬು ಮಾಡುವ ನಮ್ಮವರು ಹೆಸರು ನೋಂದಾಯಿಸಿಕೊಳ್ಳಲಿ. ಆದರೆ ಇನ್ನೂ ಕಲಿಯುತ್ತಿರುವವನಿಗೆ ಆಸರೆಯಾಗಬೇಕಾದುದು ಸಂಘವೇ. 1982ರ ಗಿರಣಿ ಮುಷ್ಕರದಿಂದ ಕೆಲಸ ಕಳೆದುಕೊಂಡವರು ಬರಿಗೈಯಲ್ಲಿ ಬೇರೆ ದುಡಿಮೆ ಹುಡುಕಬೇಕಾಯಿತು. ಆ ಪಾಡು ನಮ್ಮ ಮಕ್ಕಳಿಗೆ ಬಾರದಿರಲಿ. ಸಂಘದ ಕಚೇರಿಯಲ್ಲಿ ಒಳ್ಳೆಯ ಉಪಕರಣಗಳ ಪೆಟ್ಟಿಗೆಯೊಂದಿದ್ದು, ಕಲಿಯುವವರಿಗೆ ಸರದಿಯಂತೆ ಎರವಲು ದೊರೆಯಬೇಕೆಂಬುದು ನಮ್ಮ ಸೂಚನೆ. ಒಬ್ಬನ ಕಿಸೆಗೆ ಎಟುಕದ್ದು ಹತ್ತು ಮಂದಿ ಸೇರಿದರೆ ಎಟುಕುತ್ತದೆ. ಸದಸ್ಯರು ಈ ಬಗ್ಗೆ ಮುಂದಿನ ಸಭೆಯಲ್ಲಿ ತೀರ್ಮಾನ ಕೈಗೊಳ್ಳಲಿ.