ಮಗುವಿನ ಗಾಡಿಯೂ ಚೆನ್ನೈನ ಫುಟ್‌ಪಾತೂ

ಮಗುವಿಗೆ ಸ್ಟ್ರಾಲರ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಬೆಲೆ ಕೇಳುತ್ತಾರೆ, ಮೆತ್ತೆ ಒತ್ತಿ ನೋಡುತ್ತಾರೆ, ಎರಡು ಹೆಜ್ಜೆ ತಳ್ಳಿಯೂ ನೋಡುತ್ತಾರೆ. ಅಂಗಡಿಯ ನುಣುಪು ಟೈಲ್ಸ್ ಮೇಲೆ ಯಾವ ಗಾಡಿಯಾದರೂ ಒಂದೇ ಬೆರಳಿಗೆ ಓಡುತ್ತದೆ. ಅದು ಓಡಬೇಕಾದದ್ದು ಮಾತ್ರ ಚೆನ್ನೈನ ಬೀದಿಯಲ್ಲಿ. ಗೇಟು ದಾಟಿದ ಮೇಲಿನ ನೂರು ಗಜ ದಾರಿ ಹೇಗಿದೆ ಎಂಬುದರ ಮೇಲೆ ಮಗುವಿನ ಸುಖ, ತಳ್ಳುವವರ ಸಲೀಸು ಎರಡೂ ನಿಂತಿವೆ. ಹಾಗಾಗಿ ಒಳ್ಳೆಯ ಗಾಡಿಯನ್ನು ಅರ್ಧ ಮಾತ್ರ ದುಡ್ಡು ಕೊಟ್ಟು ಕೊಳ್ಳಬಹುದು, ಉಳಿದರ್ಧವನ್ನು ಊರು ಕೊಡಬೇಕು ಎಂಬುದು ನನ್ನ ವಾದ.

ನಮ್ಮಲ್ಲಿ ಮಗುವನ್ನು ಎತ್ತಿಕೊಳ್ಳುವುದೇ ರೂಢಿ, ಈ ಗಾಡಿಯ ಗೀಳು ಏಕೆ ಎನ್ನುವವರಿದ್ದಾರೆ. ಎತ್ತಿಕೊಂಡ ಮಗುವಿಗೆ ಸಿಗುವ ಮೈಬಿಸಿಗೆ ಸಮನಾದದ್ದು ಇನ್ನೊಂದಿಲ್ಲ, ಒಪ್ಪುತ್ತೇನೆ. ಆದರೆ ಎತ್ತುವವರು ಯಾರು? ಆರು ತಿಂಗಳ ಮಗು ಏಳೆಂಟು ಕಿಲೋ ತೂಗುತ್ತದೆ, ವರ್ಷ ತುಂಬುವಷ್ಟರಲ್ಲಿ ಒಂಬತ್ತರ ಆಸುಪಾಸು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ಶೇಕಡ 44.9 ಹೆರಿಗೆಗಳು ಸಿಸೇರಿಯನ್. ಹೊಟ್ಟೆಗೆ ಹೊಲಿಗೆ ಬಿದ್ದ ತಾಯಿ, ಬಾಣಂತನಕ್ಕೆಂದು ಮೈಸೂರಿನಿಂದಲೋ ಉಡುಪಿಯಿಂದಲೋ ಬಂದ, ಮಂಡಿ ನೋವಿನ ಅಜ್ಜಿ, ಬೆಳಗ್ಗೆ ಹೋಗಿ ರಾತ್ರಿ ಬರುವ ತಂದೆ: ಟಿ. ನಗರದ ಕನ್ನಡದ ಮನೆಯೂ ಇಂದು ಇಷ್ಟೇ. ಎತ್ತಿ ಆಡಿಸಲು ಹತ್ತು ಕೈಗಳಿದ್ದ ಮನೆಯ ರೂಢಿಯನ್ನು ಈ ಫ್ಲ್ಯಾಟಿನ ಮೇಲೆ ಹೇರಿದರೆ ಭಾರವೆಲ್ಲ ಒಬ್ಬಳ ಸೊಂಟಕ್ಕೆ ಬೀಳುತ್ತದೆ.

ಹಾಗಾದರೆ ಎಂಥ ಗಾಡಿ? ಇಂಗ್ಲೆಂಡಿನ ಓವೆನ್ ಮೆಕ್‌ಲಾರೆನ್ ವಿಮಾನದ ಎಂಜಿನಿಯರು, ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರವ್ಯವಸ್ಥೆಯಲ್ಲಿ ಕೆಲಸ ಮಾಡಿದವರು. ಮೊಮ್ಮಗಳ ಭಾರದ ಗಾಡಿಯೊಂದಿಗೆ ಮಗಳು ಪ್ರಯಾಣದಲ್ಲಿ ಪಡುತ್ತಿದ್ದ ಪಾಡನ್ನು ನೋಡಿ, ಅಲ್ಯೂಮಿನಿಯಂ ಕೊಳವೆಗಳಿಂದ ಛತ್ರಿಯ ಹಾಗೆ ಮಡಚುವ ಗಾಡಿ ಮಾಡಿ 1965ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಅದರ ತೂಕ ಮೂರು ಕಿಲೋಗೂ ಕಡಿಮೆ. ಇಂದಿನ ಹಗುರ ಗಾಡಿಗಳೆಲ್ಲ ಅದರ ಸಂತಾನವೇ. ಅವುಗಳ ಪುಟ್ಟ ಚಕ್ರಗಳು ಎದ್ದುಬಂದ ಕಲ್ಲುಚಪ್ಪಡಿಯ ಸಂದಿನಲ್ಲಿ ಸಿಕ್ಕಿ ನಿಲ್ಲುತ್ತವೆ. ದೊಡ್ಡ ಗಾಳಿಚಕ್ರದ ಗಾಡಿ ಆ ಸಂದನ್ನು ದಾಟೀತು, ಆಟೋದೊಳಗೆ ಹಿಡಿಯದು, ಲಿಫ್ಟಿಲ್ಲದ ಮನೆಯ ಮೆಟ್ಟಿಲು ಹತ್ತದು. ಎರಡೂ ಗುಣ ಪೂರ್ತಿಯಾಗಿ ಒಂದೇ ಗಾಡಿಯಲ್ಲಿ ಸಿಗುವುದಿಲ್ಲ. ಚೆನ್ನೈಗೆ ನಾನು ಹಗುರವಾದದ್ದನ್ನೇ ಹೇಳುತ್ತೇನೆ. ಇಲ್ಲಿ ಗಾಡಿಯನ್ನು ತಳ್ಳುವಷ್ಟೇ ಸಲ ಎತ್ತಬೇಕಾಗುತ್ತದೆ. ಒಂದು ಕೈಯಲ್ಲಿ ಮಗುವಿರುವುದರಿಂದ ಇನ್ನೊಂದೇ ಕೈಯಲ್ಲಿ ಮಡಚಲು ಬರಬೇಕು, ಹಿಡಿ ತಂದೆತಾಯಿ ಇಬ್ಬರಿಗೂ ಬಗ್ಗದೆ ಎಟುಕಬೇಕು. ಕತ್ತು ನಿಲ್ಲದ ಎಳೆಗೂಸಿಗೆ ಬೆನ್ನು ಪೂರ್ತಿ ಒರಗುವ ಗಾಡಿಯೇ ಆಗಬೇಕು, ಇದರಲ್ಲಿ ರಾಜಿ ಬೇಡ. ಎರಡು ಭುಜ, ಎರಡು ಸೊಂಟ, ಕಾಲ ನಡುವೆ ಒಂದು ಎಂದು ಐದು ಕಡೆ ಹಿಡಿಯುವ ಬೆಲ್ಟನ್ನು ಪ್ರತಿ ಸಲವೂ ಹಾಕಬೇಕು. ತರಕಾರಿ ಚೀಲವನ್ನು ಹಿಡಿಗೆ ನೇತುಹಾಕಿದರೆ ಮಗುವನ್ನು ಎತ್ತಿದೊಡನೆ ಗಾಡಿ ಹಿಂದಕ್ಕೆ ಮಗುಚುತ್ತದೆ. ಮಡಚುವ ಕೀಲನ್ನೂ ನೋಡಿಕೊಳ್ಳಿ: ಮಕ್ಕಳ ಬೆರಳ ತುದಿ ತುಂಡಾದ ಪ್ರಕರಣಗಳು ವರದಿಯಾಗಿ, 2009ರಲ್ಲಿ ಮೆಕ್‌ಲಾರೆನ್ ಕಂಪನಿಯೇ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಗಾಡಿಗಳಿಗೆ ಕೀಲಿನ ಮುಚ್ಚಳ ಕೊಡಬೇಕಾಯಿತು.

ಚೆನ್ನೈನ ಸೆಕೆಯ ಲೆಕ್ಕ ಬೇರೆಯೇ. ಬಿಸಿಲೆಂದು ಗಾಡಿಯ ಮೇಲೆ ಒಣ ಬಟ್ಟೆ ಹೊದಿಸಿದರೆ ಒಳಗಿನ ಬಿಸಿ ಏರುತ್ತದೆ, ಬಟ್ಟೆಯನ್ನು ಒದ್ದೆ ಮಾಡಿ ಸಣ್ಣ ಫ್ಯಾನ್ ಇಟ್ಟರೆ ಇಳಿಯುತ್ತದೆ ಎಂದು 2023ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಕಡಲ ತೇವ ತುಂಬಿದ ನಮ್ಮ ಗಾಳಿಯಲ್ಲಿ ಒದ್ದೆ ಬಟ್ಟೆ ಬೇಗ ಆರದು, ತಂಪೂ ಅಷ್ಟಾಗಿ ಸಿಗದು. ಜಾಲರಿ ಬೆನ್ನಿನ ಗಾಡಿ ಆರಿಸಿಕೊಂಡು, ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಕಡಲಗಾಳಿ ಬೀಸುವಾಗ ಹೊರಡುವುದೇ ಮೇಲು. ಹೊಗೆಯ ಮಾತೂ ಇದೆ. ಸರ್ರೆ ವಿಶ್ವವಿದ್ಯಾಲಯದ ಪ್ರಶಾಂತ್ ಕುಮಾರ್ ಅವರ ತಂಡ 2020ರಲ್ಲಿ ಅಳೆದಾಗ, ವಾಹನಗಳ ಹೊಗೆಕೊಳವೆಯ ಎತ್ತರಕ್ಕೆ ಕೂರುವ ಗಾಡಿಯ ಮಗು ದೊಡ್ಡವರಿಗಿಂತ ಶೇಕಡ 44ರವರೆಗೆ ಹೆಚ್ಚು ಮಲಿನ ಕಣಗಳಿಗೆ ಒಡ್ಡಿಕೊಳ್ಳುವುದು ಕಂಡುಬಂತು. ಫುಟ್‌ಪಾತ್ ಇಲ್ಲದೆ ಗಾಡಿಯನ್ನು ರಸ್ತೆಯ ಅಂಚಿಗೆ ಇಳಿಸಬೇಕಾದ ತಾಯಿಗೆ ಇದಕ್ಕಿಂತ ಕಳವಳದ ಸಂಗತಿ ಏನಿದೆ?

ಇಲ್ಲಿಂದ ಮುಂದೆ ಖರೀದಿಯ ಜಾಣತನ ನಡೆಯದು. ನಡೆಯುವವರಿಗೂ ಸೈಕಲ್ಲಿನವರಿಗೂ ಆದ್ಯತೆ ಕೊಡುವ ನೀತಿಯನ್ನು ಚೆನ್ನೈ ಪಾಲಿಕೆ 2014ರಲ್ಲೇ ಒಪ್ಪಿಕೊಂಡಿತು. ಅಂಥ ನೀತಿ ತಂದ ದೇಶದ ಮೊದಲ ನಗರ ಅದು. 2019ರಲ್ಲಿ ಪಾಂಡಿ ಬಜಾರಿನ ಅಗಲ ಫುಟ್‌ಪಾತು ಬಂತು. ಅಲ್ಲಿ ಅಗ್ಗದ ಗಾಡಿಯೂ ಸರಾಗವಾಗಿ ಸಾಗುತ್ತದೆ; ಪಕ್ಕದ ಅಡ್ಡರಸ್ತೆಗೆ ತಿರುಗಿದರೆ ದುಬಾರಿ ಗಾಡಿಯೂ ಮುಗ್ಗರಿಸುತ್ತದೆ. ಫುಟ್‌ಪಾತಿನ ಎತ್ತರ 15 ಸೆಂಟಿಮೀಟರ್ ಮೀರಬಾರದು, ನಡೆಯಲು ಕನಿಷ್ಠ 1.8 ಮೀಟರ್ ತೆರವಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಹೇಳಿದೆ. ಕೊಯಮತ್ತೂರಿನ ಮೂಳೆತಜ್ಞ ಡಾ. ಎಸ್. ರಾಜಶೇಖರನ್ ಹೂಡಿದ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಫುಟ್‌ಪಾತ್ ಬಳಸುವುದು ಬದುಕುವ ಹಕ್ಕಿನ ಭಾಗ ಎಂದಿತು. ಗಾಲಿಕುರ್ಚಿಯವರಿಗೆಂದು 2022ರ ನವೆಂಬರಿನಲ್ಲಿ ಮರೀನಾದಲ್ಲಿ ಮರದ ಹಾದಿ ತೆರೆದಾಗ ಎಷ್ಟೋ ಜನ ಮೊದಲ ಸಲ ಅಲೆಯ ಹತ್ತಿರ ಹೋದರು. ಮುಂದಿನ ತಿಂಗಳೇ ಮಂಡೌಸ್ ಚಂಡಮಾರುತ ಅದನ್ನು ಮುರಿಯಿತು, ಮತ್ತೆ ಕಟ್ಟಿದರು. ಗಾಲಿಕುರ್ಚಿಗೆ ಬೇಕಾದ ಇಳಿಜಾರೇ ಮಗುವಿನ ಗಾಡಿಗೂ, ಕೋಲೂರುವ ಅಜ್ಜನಿಗೂ ಬೇಕು.

ಫುಟ್‌ಪಾತಿಗೆ ಬೈಕು ನುಗ್ಗುವುದನ್ನು ತಡೆಯಲು ನೆಡುವ ಕಂಬಗಳದ್ದು ಮಾತ್ರ ನಿಜಕ್ಕೂ ಕಗ್ಗಂಟು. ಗಾಲಿಕುರ್ಚಿ ದಾಟಲು ಸುಮಾರು 90 ಸೆಂಟಿಮೀಟರ್ ಬೇಕು, ಅಷ್ಟರಲ್ಲಿ ಬೈಕೂ ತೂರುತ್ತದೆ. ಸಂದು ಕಿರಿದಾಗಿಸಿದರೆ ಗಾಲಿಕುರ್ಚಿಯವರು ರಸ್ತೆಗೆ ಇಳಿಯಬೇಕು, ಅಗಲ ಮಾಡಿದರೆ ಬೈಕಿನವರು ಮೇಲೆ ಹತ್ತುತ್ತಾರೆ. ನನ್ನ ಮಟ್ಟಿಗೆ ಸಂದು ಅಗಲವಾಗಿಯೇ ಇರಲಿ. ಬೈಕನ್ನು ತಡೆಯುವುದು ಟ್ರಾಫಿಕ್ ಪೊಲೀಸರ ಕೆಲಸ, ದಂಡ ಹಾಕಿ ತಡೆಯಲಿ. ಅವರು ಮಾಡದ ಕೆಲಸದ ದಂಡವನ್ನು ಮಗುವೂ ಗಾಲಿಕುರ್ಚಿಯವರೂ ತೆರುವುದು ಬೇಡ.