ಎರೆ ಹೊಲ ಕಾಗದದಲ್ಲಿ ಕೆಂಪಾಗದಿರಲಿ

ಕನ್ನಡದಲ್ಲಿ ಎರೆ ಅಂದ್ರೆ ಕಪ್ಪು ಮಣ್ಣು. ತೆಲುಗಿನಲ್ಲಿ ಎರ್ರ ಅಂದ್ರೆ ಕೆಂಪು. ಕೃಷ್ಣಾ, ಮಾಗನೂರು, ಮಕ್ತಲ್ ಕಡೆಯ ಅಜ್ಜ ಒಬ್ರು "ನಮ್ದು ಎರೆ ಹೊಲ" ಅಂದಾಗ, ಕನ್ನಡ ಬಾರದವರು ಅದನ್ನ ಎರ್ರ ನೇಲ ಅಂತ ಬರ್ಕೊಂಡ್ರೆ ಏನಾಗುತ್ತೆ? ಹಿಂಗಾರಿ ಜೋಳ ಬೆಳೆಯೋ ಎರೆ ಹೊಲ ಮಸಾರಿ ಆಗಿಬಿಡುತ್ತೆ. ಮಣ್ಣೇ ತಪ್ಪಿದ ಮೇಲೆ ಬೀಜ, ಬಿತ್ತನೆ ಕಾಲ, ಕೊಡೋ ಸಲಹೆ ಎಲ್ಲವೂ ತಪ್ಪೇ.

ಹಳ್ಳಿಯವರ ತಿಳಿವಳಿಕೆಯನ್ನು ಬರೆದಿಡಬೇಕು ಅನ್ನೋದು ಕಾನೂನಿನಲ್ಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಜನರನ್ನು ಕೇಳಿ, ಗಿಡಮೂಲಿಕೆ, ತಳಿ, ಅವುಗಳ ಬಳಕೆ ಬಗ್ಗೆ ಜನತಾ ಜೀವವೈವಿಧ್ಯ ದಾಖಲಾತಿ ಮಾಡೋದೇ ಆ ಸಮಿತಿಯ ಮುಖ್ಯ ಕೆಲಸ ಅಂತ 2004ರ ನಿಯಮ ಹೇಳಿತ್ತು. ಸರಿ, ಆದರೆ ಯಾವ ಭಾಷೆಯಲ್ಲಿ ಕೇಳ್ತಾರೆ?

"ನಿಮಗೆಲ್ಲ ತೆಲುಗು ಬರುತ್ತಲ್ಲ" ಅಂತಾರೆ. ಬರುತ್ತೆ. ಸಂತೆಯಲ್ಲಿ, ಬ್ಯಾಂಕಿನಲ್ಲಿ, ಬಸ್ಸಿನಲ್ಲಿ ತೆಲುಗೇ ಮಾತಾಡ್ತೀವಿ, ಅದರ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ಆದರೆ ಅಕ್ಕಡಿ ಸಾಲಿನ ಲೆಕ್ಕ, ದನದ ರೋಗಕ್ಕೆ ಹಾಕೋ ಸೊಪ್ಪಿನ ಹೆಸರು, ಯಾವ ಮಳೆಗೆ ಕೂರಿಗೆ ಕಟ್ಟಬೇಕು ಅನ್ನೋದು, ಇವೆಲ್ಲ ನಮ್ಮ ಹಿರಿಯರು ಕನ್ನಡದಲ್ಲೇ ಕಲಿತದ್ದು. ಗದ್ವಾಲ್, ಆಲಂಪುರ 1956ರ ತನಕ ರಾಯಚೂರು ಜಿಲ್ಲೆಯ ತಾಲೂಕುಗಳೇ. ಗಡಿ ಬದಲಾದ್ರೂ ಹೊಲ, ಮನೆ ಮಾತು ಬದಲಾಗಲಿಲ್ಲ.

ಹಳ್ಳಿಯವರ ಮಾತಿಂದ ಯೋಜನೆ ನಡೆಯುತ್ತಾ ಅಂತ ಅನುಮಾನ ಇದ್ದವರು ನಮ್ಮದೇ ರಾಜ್ಯದ ಜಹೀರಾಬಾದ್ ಕಡೆ ನೋಡಲಿ. ಮೈಸೂರಿನ ಪಿ.ವಿ. ಸತೀಶ್ ಮತ್ತು ಗೆಳೆಯರು ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯಲ್ಲಿ ಬಡ ದಲಿತ ಹೆಣ್ಣುಮಕ್ಕಳ ಸಂಘಗಳು ಬೀಜ ಉಳಿಸಿದವು. 1990ರ ದಶಕದಲ್ಲೇ ಜೋಳದ ರೇಷನ್ ನಡೆಸಿದವು. ಯಾರು ಬಡವರು ಅಂತ ಊರವರೇ ಕೂತು ನಿರ್ಧಾರ ಮಾಡಿದ್ರು. 2008ರಿಂದ ಅವರದೇ ಸಂಘಂ ರೇಡಿಯೋ ಇದೆ, 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಸರ್ಕಾರಗಳು ಸಿರಿಧಾನ್ಯದ ವರ್ಷ ಆಚರಿಸಿದ್ದು 2023ರಲ್ಲಿ! ಆ ಹೆಣ್ಣುಮಕ್ಕಳು ತಮ್ಮ ಮಾತಲ್ಲೇ ಯೋಚನೆ ಮಾಡಿದ್ರು, ತಮ್ಮ ಮಾತಲ್ಲೇ ತೂಗಿ ನೋಡಿದ್ರು. ಅದಕ್ಕೇ ಕೆಲಸ ನಿಂತಿತು.

ನಾವು ಕೇಳ್ತಿರೋದು ಮೂರೇ.

ಒಂದು, ಕನ್ನಡಿಗರಿರುವ ಊರುಗಳಲ್ಲಿ ಈ ದಾಖಲಾತಿ ಕನ್ನಡದಲ್ಲೂ ಆಗಲಿ. ಊರಿನ ಹೆಸರು, ಬೆಳೆಯ ಹೆಸರು, ಮಣ್ಣಿನ ಹೆಸರು ಹೇಳಿದ ಹಾಗೇ ಬರೀಲಿ.

ಎರಡು, ಸಮಿತಿಯಲ್ಲಿ ಕನ್ನಡ ಬಲ್ಲ ಒಬ್ಬ ಮಾಸ್ತರರೋ ರೈತ ಮಹಿಳೆಯೋ ಇರಲಿ.

ಮೂರು, ಬರೆದದ್ದನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ, ಹೌದು ಅನ್ನಿಸಿಕೊಂಡ ಮೇಲೇ ಮುದ್ರೆ ಬೀಳಲಿ. ಯೋಜನೆ ಮುಗಿದ ಮೇಲೆ ಅದು ಫಲ ಕೊಟ್ಟಿತಾ ಅಂತಾನೂ ಅದೇ ಸಭೆಯನ್ನ ಕೇಳಲಿ.

ಇದು ಭಿಕ್ಷೆ ಅಲ್ಲ. ಸ್ಥಳೀಯವಾಗಿ ಕನಿಷ್ಠ ಶೇ. 15ರಷ್ಟು ಜನರ ಮಾತಾಗಿದ್ರೆ, ಮುಖ್ಯ ಕಾನೂನು, ನಿಯಮಗಳನ್ನು ಆ ಭಾಷೆಯಲ್ಲೂ ಪ್ರಕಟಿಸಬೇಕು ಅನ್ನೋದು ಭಾಷಾ ಅಲ್ಪಸಂಖ್ಯಾತರ ರಕ್ಷಣಾ ಸೂತ್ರದಲ್ಲೇ ಇದೆ. ನಮಗೆ ಹೇಳೋದು ನಮ್ಮ ಭಾಷೆಯಲ್ಲಿ ಆಗಬೇಕಾದ್ರೆ, ನಮ್ಮಿಂದ ಕೇಳೋದೂ ಹಾಗೇ ಆಗಬೇಕಲ್ವಾ?

ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. "ನಮ್ಮೂರ ದಾಖಲಾತಿ ತೋರಿಸಿ" ಅಂತ ಕೇಳಿ. ಅಷ್ಟರೊಳಗೆ ಮನೆಯ ಹಿರಿಯರ ಹತ್ರ ಕೂತು ಒಂದು ನೋಟ್‌ಬುಕ್ ತುಂಬಿಸಿ, ಕನ್ನಡದಲ್ಲಿ.